ಅದೃಷ್ಟದ ಪೊಟ್ಟಣ

ಐಚ್ಛಿಕ ಕನ್ನಡದ ತರಗತಿಯಲ್ಲಿ ಈಚೆಗೆ ಹೊಸದೊಂದು ನೋಟ ಕಾಣಸಿಗುತ್ತಿದೆ. ವಿದ್ಯಾರ್ಥಿಗಳ ಬೆನ್ನಚೀಲಗಳಿಗೆ ಮೊಲದ ಕಿವಿಯ, ಗರಗಸದಂಥ ಹಲ್ಲಿನ ಪುಟ್ಟ ರಕ್ಕಸರು ಜೋತುಬಿದ್ದಿದ್ದಾರೆ. ಪೆನ್ನಿನ ಡಬ್ಬಿಗಳೊಳಗೆ ಹೆಬ್ಬೆರಳ ಗಾತ್ರದ ಒಕ್ಕಣ್ಣರು, ಕೊಂಬಿನವರು, ರೆಕ್ಕೆಯವರು ಅಡಗಿ ಕುಳಿತಿದ್ದಾರೆ. ಇವರೆಲ್ಲ ಮುಚ್ಚಿದ ಪೆಟ್ಟಿಗೆಗಳಲ್ಲಿ ಬಂದವರು. ಒಳಗೆ ಯಾರಿದ್ದಾರೆ ಎಂಬುದು ಹಣ ಕೊಟ್ಟು, ಪೆಟ್ಟಿಗೆ ಒಡೆದು, ಒಳಗಿನ ಪೊಟ್ಟಣ ಹರಿದ ಮೇಲೆಯೇ ತಿಳಿಯುವುದು.

ಈ ಬರಹಕ್ಕೆ ನಿಮಿತ್ತವಾದುದು ಒಬ್ಬ ವಿದ್ಯಾರ್ಥಿನಿಯೊಡನೆ ನಡೆದ ಸಣ್ಣ ಮಾತುಕತೆ. ಆಕೆಯ ಒಪ್ಪಿಗೆ ಪಡೆದೇ, ಹೆಸರು ಹೇಳದೆ, ಅದನ್ನಿಲ್ಲಿ ದಾಖಲಿಸುತ್ತಿದ್ದೇನೆ. ಆಕೆ ಹನ್ನೊಂದು ಪೆಟ್ಟಿಗೆಗಳನ್ನು ತೆರೆದಿದ್ದಳು. ಆರು ಬೊಂಬೆಗಳ ಸರಣಿಯಲ್ಲಿ ಐದು ಬಗೆಯವು ಬಂದಿದ್ದವು. ಉಳಿದ ಆರು ಪೆಟ್ಟಿಗೆಗಳಲ್ಲಿ ಬಂದವು ಅವುಗಳದೇ ಮರುಕಳಿಕೆ. ಆರನೆಯದೊಂದು, ಅದಲ್ಲದೆ ಗುಟ್ಟಾಗಿಟ್ಟ ಏಳನೆಯದೊಂದು ಬಾಕಿ. ಕೈಯಲ್ಲಿದ್ದ ಒಂದನ್ನು ತೋರಿಸಿ, ಇದರ ಕತೆಯೇನು ಎಂದು ಕೇಳಿದೆ. "ಕತೆ ಗೊತ್ತಿಲ್ಲ ಸರ್, ಆದರೆ ಇದು ಸಿಗುವುದು ಅಪರೂಪ" ಎಂದಳು. ಹಣವೆಲ್ಲಿಂದ ಬಂತು ಎಂದು ಕೇಳಿದಾಗ ಉತ್ತರ ಬರಲಿಲ್ಲ. ಮರುದಿನ ತಾನಾಗಿಯೇ ಬಂದು, ಅಧ್ಯಯನ ಪ್ರವಾಸಕ್ಕೆಂದು ಮನೆಯವರು ಕೊಟ್ಟ ಹಣವದು, ಈ ಸಲ ಪ್ರವಾಸಕ್ಕೆ ಬರಲಾಗದು ಎಂದು ತಿಳಿಸಿದಳು. ಕತೆ ಗೊತ್ತಿಲ್ಲ ಎಂಬ ಮಾತು ಮತ್ತು ಪ್ರವಾಸಕ್ಕೆ ಬರಲಾಗದು ಎಂಬ ಮಾತು ಇವೆರಡೂ ನನ್ನ ಮನಸ್ಸಿನಲ್ಲಿ ಉಳಿದವು. ಮೊದಲನೆಯದು ಕನ್ನಡ ವಿಭಾಗಕ್ಕೆ ಸಂಬಂಧಿಸಿದ್ದು, ಎರಡನೆಯದು ನಮ್ಮೆಲ್ಲರಿಗೂ ಸಂಬಂಧಿಸಿದ್ದು. ಎರಡರ ಮೂಲವೂ ಒಂದೇ ಎಂಬುದು ನನ್ನ ವಾದ.

ಈ ವ್ಯಾಪಾರ ನಿನ್ನೆ ಮೊನ್ನೆಯದಲ್ಲ. 1960ರ ದಶಕದ ನಡುವಿನಲ್ಲಿ ಅಮೆರಿಕದಿಂದ ಜಪಾನಿಗೆ ಹೋದ, ನಾಣ್ಯ ಹಾಕಿ ತಿರುಪು ತಿರುವಿದರೆ ಗೋಲಿಯಂಥ ಡಬ್ಬಿ ಬೀಳುವ ಯಂತ್ರಗಳು ಅಲ್ಲಿ 'ಗಾಶಾಪೊನ್' ಎಂಬ ಹೆಸರು ಪಡೆದವು. ತಿರುಪಿನ ಸದ್ದು 'ಗಾಚಾ', ಡಬ್ಬಿ ಬೀಳುವ ಸದ್ದು 'ಪೊನ್'. ನಾವು ವ್ಯಾಕರಣದಲ್ಲಿ ಓದುವ ಅನುಕರಣಾವ್ಯಯವೇ ಅಲ್ಲಿ ಒಂದು ಉದ್ಯಮದ ಹೆಸರಾಯಿತು. 1983ರ ಹೊತ್ತಿಗೆ ಕುಸ್ತಿಪಟುಗಳ ಚಿತ್ರಕತೆಯೊಂದರ ಪಾತ್ರಗಳು ಅಂಗುಲ ಎರಡಂಗುಲದ ರಬ್ಬರ್ ಬೊಂಬೆಗಳಾಗಿ ಈ ಯಂತ್ರಗಳಿಂದ ಉದುರತೊಡಗಿದವು. ಬಗೆಗಳು ನಾನೂರಕ್ಕೂ ಹೆಚ್ಚು. 1985ರಲ್ಲಿ ಅವೇ ಬೊಂಬೆಗಳು ಬೇರೆ ಹೆಸರು ಹೊತ್ತು ಅಮೆರಿಕ ತಲಪಿದವು. 1990ರಲ್ಲಿ ಅಮೆರಿಕದ್ದೇ ಆದ ಇನ್ನೊಂದು ಸರಣಿ ಬಂತು: 'ಮಾನ್‌ಸ್ಟರ್ ಇನ್ ಮೈ ಪಾಕೆಟ್', ಅಂದರೆ ನನ್ನ ಜೇಬಿನ ರಕ್ಕಸ. ಲೋಕದ ನಾನಾ ಪುರಾಣಗಳಿಂದ ಹೆಕ್ಕಿ ತೆಗೆದ ಭೀಕರ ರೂಪಗಳನ್ನು ಮೆದು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಒಂದೊಂದಕ್ಕೂ ಐದರಿಂದ ಇಪ್ಪತ್ತೈದರವರೆಗೆ ಅಂಕ ಕೊಟ್ಟಿದ್ದರು.

ಇಂದು ನಮ್ಮ ವಿದ್ಯಾರ್ಥಿಗಳ ಚೀಲದಲ್ಲಿ ನೇತಾಡುವ 'ಲಬುಬು'ವಿನ ಜನಕ ಕಾಸಿಂಗ್ ಲುಂಗ್ ಹಾಂಗ್‌ಕಾಂಗಿನಲ್ಲಿ ಹುಟ್ಟಿ ನೆದರ್‌ಲೆಂಡ್ಸಿನಲ್ಲಿ ಬೆಳೆದ ಚಿತ್ರಕಾರ. ಉತ್ತರ ಯುರೋಪಿನ ಜನಪದ ಕತೆಗಳ ಸ್ಫೂರ್ತಿಯಿಂದ ಆತ 2015ರಲ್ಲಿ ಮಕ್ಕಳ ಚಿತ್ರಪುಸ್ತಕಗಳನ್ನು ರಚಿಸಿದ. ಅವುಗಳಲ್ಲಿನ ಕುಚೇಷ್ಟೆಯ ಜೀವಿಯೇ ಇದು. 2010ರಲ್ಲಿ ಬೀಜಿಂಗಿನಲ್ಲಿ ಆರಂಭವಾದ ಪಾಪ್ ಮಾರ್ಟ್ ಎಂಬ ಸಂಸ್ಥೆ 2019ರಿಂದ ಇದರ ಬೊಂಬೆಗಳನ್ನು ಮುಚ್ಚಿದ ಪೆಟ್ಟಿಗೆಗಳಲ್ಲಿ ಮಾರತೊಡಗಿತು. 2024ರಲ್ಲಿ ಆ ಸಂಸ್ಥೆಯ ಒಟ್ಟು ವರಮಾನ 1,300 ಕೋಟಿ ಯುವಾನ್. ಅದರಲ್ಲಿ ಲಬುಬು ಸೇರಿದ ಬಳಗದ ಪಾಲೇ 300 ಕೋಟಿಯನ್ನು ದಾಟಿತು. 2025ರ ಜೂನಿನಲ್ಲಿ ಬೀಜಿಂಗಿನ ಹರಾಜಿನಲ್ಲಿ ಆಳೆತ್ತರದ ಒಂದು ಲಬುಬು ಹತ್ತು ಲಕ್ಷ ಯುವಾನಿಗೂ ಮೀರಿ ಮಾರಾಟವಾಯಿತು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಈ ರಕ್ಕಸನಿಗೆ ಕತೆಯಿತ್ತು. ಕತೆಯೇ ಮೊದಲು, ಬೊಂಬೆ ಆಮೇಲೆ. ಪೆಟ್ಟಿಗೆ ಮುಚ್ಚಿದಾಗ ಹೊರಗುಳಿದದ್ದು ಆ ಕತೆ.

ಈಗ ಲೆಕ್ಕಕ್ಕೆ ಬರೋಣ. ಕನ್ನಡದವರಿಗೆ ಲೆಕ್ಕವೇಕೆ ಎಂದು ಕೇಳಬೇಡಿ; ಗಣಿತಸಾರಸಂಗ್ರಹದ ಮಹಾವೀರಾಚಾರ್ಯನೂ, ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯನೂ ನಮ್ಮವರೇ. ಸರಣಿಯಲ್ಲಿ ಆರು ಬೊಂಬೆಗಳಿದ್ದು, ಎಲ್ಲವೂ ಬರುವ ಸಂಭವ ಸಮಾನವೆಂದು ಇಟ್ಟುಕೊಳ್ಳಿ. ಮೊದಲ ಪೆಟ್ಟಿಗೆಯಲ್ಲಿ ಹೊಸತು ಬರುವುದು ಖಚಿತ. ಎರಡನೆಯ ಹೊಸತಿಗೆ ಸರಾಸರಿ 1.2 ಪೆಟ್ಟಿಗೆ, ಮೂರನೆಯದಕ್ಕೆ 1.5, ನಾಲ್ಕನೆಯದಕ್ಕೆ 2, ಐದನೆಯದಕ್ಕೆ 3, ಆರನೆಯದೊಂದಕ್ಕೇ 6. ಒಟ್ಟು 14.7. ಆರು ಬೊಂಬೆಗಳನ್ನು ಕೂಡಿಸಲು ಸರಾಸರಿ ಹದಿನೈದು ಪೆಟ್ಟಿಗೆ ಬೇಕು. ಸರಣಿಯಲ್ಲಿ ಹನ್ನೆರಡಿದ್ದರೆ ಬೇಕಾದದ್ದು ಇಪ್ಪತ್ತನಾಲ್ಕಲ್ಲ, ಮೂವತ್ತೇಳು. ನಮ್ಮ ವಿದ್ಯಾರ್ಥಿನಿ ಹನ್ನೊಂದು ತೆರೆದಿದ್ದಾಳೆ, ಇನ್ನೇನು ನಾಲ್ಕರಲ್ಲಿ ಸಿಕ್ಕೀತು ಎಂದು ತೋರಬಹುದು. ಹಾಗಲ್ಲ. ಹಿಂದಿನ ಹನ್ನೊಂದು ಪೆಟ್ಟಿಗೆಗಳು ಮುಂದಿನದಕ್ಕೆ ಯಾವ ಸಹಾಯವನ್ನೂ ಮಾಡವು. ಇಂದಿನಿಂದ ಎಣಿಸಿದರೂ ಅವಳಿಗೆ ಸರಾಸರಿ ಇನ್ನೂ ಆರು ಬೇಕು. ನಾಳೆ ಐದು ಸೋತ ಮೇಲೆ ಎಣಿಸಿದರೂ ಆರೇ ಬೇಕು.

ಗುಟ್ಟಿನ ಬೊಂಬೆಯ ಲೆಕ್ಕ ಇದಕ್ಕಿಂತ ಕಠಿಣ. ಲಬುಬುವಿನ ಹೆಸರಾಂತ ಸರಣಿಗಳಲ್ಲಿ ಅದು ಬರುವ ಸಂಭವ 72ರಲ್ಲಿ ಒಂದು ಎಂದು ಪೆಟ್ಟಿಗೆಯ ಮೇಲೆಯೇ ಅಚ್ಚಾಗಿರುತ್ತದೆ. 72 ಪೆಟ್ಟಿಗೆ ಕೊಂಡರೆ ಒಂದು ಬಂದೇ ಬರುತ್ತದೆ ಎಂದು ಮನಸ್ಸು ಅದನ್ನು ಓದಿಕೊಳ್ಳುತ್ತದೆ. ಆದರೆ ಬಿಡಿಬಿಡಿಯಾಗಿ 72 ತೆರೆದ ನೂರು ಮಂದಿಯಲ್ಲಿ ಮೂವತ್ತಾರಕ್ಕೂ ಹೆಚ್ಚು ಮಂದಿ ಬರಿಗೈಯಲ್ಲೇ ಉಳಿಯುತ್ತಾರೆಂದು ಲೆಕ್ಕ ಹೇಳುತ್ತದೆ. ಚೀನಾದಲ್ಲಿ ಒಂದು ಪೆಟ್ಟಿಗೆಯ ಬೆಲೆ 99 ಯುವಾನ್ ಎಂದು ಹಿಡಿದರೂ ಎಪ್ಪತ್ತೆರಡಕ್ಕೆ 7,128 ಯುವಾನ್ ಆಯಿತು. ಅಚ್ಚಾದ ಸಂಖ್ಯೆ ಸುಳ್ಳಲ್ಲ. ಅದನ್ನು ಓದುವ ಬಗೆ ನಮಗೆ ತಿಳಿದಿಲ್ಲ, ಅಷ್ಟೆ. ಪಠ್ಯವನ್ನು ತಪ್ಪಾಗಿ ಓದಿದರೆ ಅಂಕ ಹೋಗುತ್ತದೆ. ಇದನ್ನು ತಪ್ಪಾಗಿ ಓದಿದರೆ ಪ್ರವಾಸ ಹೋಗುತ್ತದೆ.

ಕನ್ನಡ ಓದುವವರು ಇಲ್ಲಿ ಒಂದು ಪದದ ಮುಂದೆ ನಿಲ್ಲಬೇಕು. ಪೆಟ್ಟಿಗೆ ಒಡೆಯುವ ಮುನ್ನ ಎಲ್ಲರೂ ಆಡುವ ಮಾತು 'ಅದೃಷ್ಟ'. ದೃಷ್ಟ ಎಂದರೆ ಕಂಡದ್ದು. ಅದೃಷ್ಟ ಎಂದರೆ ಕಾಣದ್ದು. ನಮ್ಮ ದರ್ಶನಗಳಲ್ಲಿ ಮಾಡಿದ ಕರ್ಮಕ್ಕೂ ಮುಂದೆ ಬರುವ ಫಲಕ್ಕೂ ನಡುವೆ ಕಾಣದೆ ನಿಂತಿರುವ ಶಕ್ತಿಗೆ ಆ ಹೆಸರಿತ್ತು. ಆಡುಮಾತಿನಲ್ಲಿ ಅದು ಒಳ್ಳೆಯ ಯೋಗ ಎಂಬ ಅರ್ಥ ಪಡೆಯಿತು. ಮುಚ್ಚಿದ ಪೆಟ್ಟಿಗೆಯ ವ್ಯಾಪಾರಿ ಮಾರುತ್ತಿರುವುದು ಬೊಂಬೆಯನ್ನಲ್ಲ, ಅಕ್ಷರಾರ್ಥದ ಅದೃಷ್ಟವನ್ನು, ಅಂದರೆ ಕಾಣದಿರುವಿಕೆಯನ್ನು. ಬೊಂಬೆ ಕಂಡ ಕ್ಷಣಕ್ಕೆ ಸರಕು ಮುಗಿದುಹೋಗುತ್ತದೆ. ಆದ್ದರಿಂದಲೇ ಇನ್ನೊಂದು ಪೆಟ್ಟಿಗೆ ಬೇಕೆನಿಸುತ್ತದೆ.

ಕಾಸರಗೋಡಿನಲ್ಲಿ ಓದುವ ನಮಗೆ ಈ ಸರಕು ಹೊಸತೇನಲ್ಲ. ಕೇರಳ ಸರ್ಕಾರ 1967ರಿಂದ ಲಾಟರಿ ನಡೆಸುತ್ತ ಬಂದಿದೆ. ಬಸ್ ನಿಲ್ದಾಣದಲ್ಲಿ ಟಿಕೆಟ್ಟಿನ ಹಲಗೆ ಹಿಡಿದವರನ್ನು ದಾಟಿಯೇ ನಾವು ಕಾಲೇಜಿಗೆ ಬರುತ್ತೇವೆ. ತಲಪಾಡಿಯ ಗಡಿ ದಾಟಿದರೆ ಕರ್ನಾಟಕದಲ್ಲಿ 2007ರಿಂದ ಲಾಟರಿಗೆ ನಿಷೇಧವಿದೆ. ಲಾಟರಿ ಸರಿಯೇ ತಪ್ಪೇ ಎಂಬುದರಲ್ಲಿ ಎರಡು ನೆರೆ ರಾಜ್ಯಗಳ ನಿಲುವು ಬೇರೆ ಬೇರೆ. ಆದರೆ ಅದು ಲಾಟರಿ ಎಂಬುದರಲ್ಲಿ ಇಬ್ಬರಿಗೂ ಸಂಶಯವಿಲ್ಲ. ಟಿಕೆಟ್ ಕೊಳ್ಳುವವನು ತಾನು ಅದೃಷ್ಟ ಪರೀಕ್ಷೆ ಮಾಡುತ್ತಿದ್ದೇನೆಂದು ಬಲ್ಲ. ಮುಚ್ಚಿದ ಪೆಟ್ಟಿಗೆ ಆಟಿಕೆ ಎಂಬ ಹೆಸರಿನಲ್ಲಿ ಗಡಿಯ ಎರಡೂ ಬದಿ ನಿರಾತಂಕವಾಗಿ ಓಡಾಡುತ್ತದೆ. ಅದರ ತವರಾದ ಚೀನಾದಲ್ಲೇ 2023ರಲ್ಲಿ ಮಾರುಕಟ್ಟೆ ನಿಯಂತ್ರಣ ಆಡಳಿತವು ಮಾರ್ಗಸೂಚಿ ಹೊರಡಿಸಿ, ಎಂಟು ವರ್ಷದೊಳಗಿನ ಮಕ್ಕಳಿಗೆ ಇವನ್ನು ಮಾರಕೂಡದು, ಯಾವುದು ಬರುವ ಸಂಭವ ಎಷ್ಟು ಎಂಬುದನ್ನು ಬಹಿರಂಗಪಡಿಸಬೇಕು ಎಂದು ವಿಧಿಸಿತು. ತಯಾರಿಸುವ ನಾಡಿಗೇ ಅಗತ್ಯವೆನಿಸಿದ ಎಚ್ಚರ ಕೊಳ್ಳುವ ನಮಗೆ ಅತಿಯೆನಿಸಬೇಕಿಲ್ಲ.

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪವೂ ನ್ಯಾಯವಾದದ್ದೇ. ಬೆರಗು ಒಂದು ಸುಖವಲ್ಲವೆ? ಬಬಲ್ ಗಮ್ಮಿನ ಜೊತೆ ಬರುತ್ತಿದ್ದ ಕ್ರಿಕೆಟ್ ಚೀಟಿಗಳಿಗಾಗಿ, ಚಿಪ್ಸ್ ಪೊಟ್ಟಣದ ಟಾಜೋ ಬಿಲ್ಲೆಗಳಿಗಾಗಿ ಕಾದ ತಲೆಮಾರುಗಳೇ ಈಗ ಮೇಷ್ಟರಾಗಿ ಉಪದೇಶಕ್ಕೆ ನಿಂತಿವೆಯಲ್ಲವೆ? ಒಪ್ಪುತ್ತೇನೆ. ಬೆರಗಿಲ್ಲದ ಬಾಲ್ಯ ಯಾರಿಗೂ ಬೇಡ. ಆದರೆ ಬೆರಗು ಹುಟ್ಟಬೇಕಾದರೆ ಅಜ್ಞಾನವೇ ಬಂಡವಾಳವಾಗಬೇಕೆ ಎಂಬುದು ನನ್ನ ಪ್ರಶ್ನೆ. ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಡನೆ ಬೆಸೆದುಕೊಂಡ ತೆಂಕುತಿಟ್ಟು ಯಕ್ಷಗಾನದಲ್ಲಿ ರಕ್ಕಸರಿಗೆ ಮೀಸಲಾದದ್ದು ಬಣ್ಣದ ವೇಷ. ಅಕ್ಕಿಹಿಟ್ಟು ಸುಣ್ಣಗಳ ಚುಟ್ಟಿಯನ್ನು ಮುಖದ ಮೇಲೆ ಚುಕ್ಕೆ ಚುಕ್ಕೆಯಾಗಿ ಇಡಲು ಗಂಟೆಗಟ್ಟಲೆ ಬೇಕು. ವೇಷ ಮುಗಿದ ಮೇಲೂ ರಕ್ಕಸ ಒಮ್ಮೆಲೇ ಕಾಣಿಸಿಕೊಳ್ಳುವುದಿಲ್ಲ. ತೆರೆಯ ಹಿಂದಿನಿಂದ ಆರ್ಭಟ ಕೇಳುತ್ತದೆ; ಕಿರೀಟದ ತುದಿ ಕಂಡು ಮರೆಯಾಗುತ್ತದೆ; ದೊಂದಿಯ ಬೆಳಕಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆನ್ನುತ್ತದೆ. ಇದೂ ಮುಚ್ಚಿಟ್ಟು ತೋರಿಸುವ ಕಲೆಯೇ. ಆದರೆ ತೆರೆಯ ಹಿಂದಿರುವವನು ಯಾರೆಂದು ಬಯಲಲ್ಲಿ ಕುಳಿತ ಮಗುವಿಗೂ ಗೊತ್ತು. ರಾವಣನೆಂದು ತಿಳಿದೇ ಮಗು ಅಜ್ಜಿಯ ಸೆರಗು ಹಿಡಿಯುತ್ತದೆ. ಬೆರಗು ಹುಟ್ಟುವುದು ತಿಳಿದದ್ದು ಮೈದಳೆದು ಎದುರಿಗೆ ಬರುವುದರಿಂದ. ಅದೂ ಒಬ್ಬನ ಜೇಬಿಗಲ್ಲ, ಬಯಲಿನ ಎಲ್ಲರಿಗೂ ಒಟ್ಟಿಗೆ.

ಅಷ್ಟೇ ಅಲ್ಲ, ಆ ರಕ್ಕಸರಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ರಾಜಬಣ್ಣ, ಕಾಟುಬಣ್ಣ, ಹೆಣ್ಣುಬಣ್ಣ ಎಂಬ ಭೇದಗಳಿವೆ. ರಾವಣನ ಗತ್ತು ತಾಟಕಿಗಿಲ್ಲ, ಶೂರ್ಪನಖಿಯ ಅಳಲು ರಾವಣನಿಗಿಲ್ಲ. ಮೇಲಾಗಿ ಅವರು ಮಾತಾಡುತ್ತಾರೆ. ಅರ್ಥಧಾರಿಯ ನಾಲಗೆಯಲ್ಲಿ ರಕ್ಕಸನೂ ತನ್ನ ಪಕ್ಷವನ್ನು ವಾದಿಸುತ್ತಾನೆ. ಕೆಲವೊಮ್ಮೆ ಬೆಳಗಿನ ಜಾವಕ್ಕೆ ಪ್ರೇಕ್ಷಕರ ಮನಸ್ಸು ಅವನ ಕಡೆಗೇ ವಾಲುವುದೂ ಉಂಟು. ಜೇಬಿನ ರಕ್ಕಸನಿಗೆ ಇದಾವುದೂ ಇಲ್ಲ. ಒಂದು ಬೊಂಬೆಗೂ ಇನ್ನೊಂದಕ್ಕೂ ಉಳಿದಿರುವ ಭೇದ ಒಂದೇ: ಎಷ್ಟು ಅಪರೂಪ ಎಂಬುದು. ಅದು ಬೊಂಬೆಯ ಗುಣವಲ್ಲ, ಕಾರ್ಖಾನೆಯಲ್ಲಿ ಎಷ್ಟು ತುಂಬಿಸಿದರು ಎಂಬ ಲೆಕ್ಕ.

ಕತೆಯಿಲ್ಲದೆ ಬೊಂಬೆ ಕೂಡಿಸಿದರೆ ನಷ್ಟವೇನು ಎಂದು ಕೇಳುವವರಿಗೆ 1990ರ ಆ ಜೇಬಿನ ರಕ್ಕಸರ ಪಟ್ಟಿಯೇ ಉತ್ತರ. ಲೋಕದ ಪುರಾಣಗಳಿಂದ 'ಮಾನ್‌ಸ್ಟರ್'ಗಳನ್ನು ಹೆಕ್ಕಿದವರು ಕಾಳಿಯನ್ನೂ ಹೆಕ್ಕಿದರು. ಮುಂದೆ ಗಣೇಶನೂ ಹನುಮಂತನೂ ಆ ಸಾಲಿಗೆ ಸೇರಿದರು. ಹಿಂದೂಗಳಿಂದ ಆಕ್ಷೇಪ ಬಂತು, ಬರಬೇಕಾದದ್ದೇ. ಆನೆಯ ಮುಖ, ವಾನರನ ಬಾಲ, ಚಾಚಿದ ನಾಲಗೆ ಇವಿಷ್ಟನ್ನೇ ಕಂಡ ಕಣ್ಣಿಗೆ ಅವು ರಕ್ಕಸರಂತೆ ತೋರಿದವು. ಹಿಂದಿನ ಕತೆ ತಿಳಿಯದೆ ಆಕಾರವನ್ನು ಮಾತ್ರ ಕೂಡಿಹಾಕಿದಾಗ ಒಬ್ಬರ ದೇವರು ಇನ್ನೊಬ್ಬರ ಜೇಬಿನ ಭೂತವಾಗುತ್ತಾನೆ.

ಭೂತ ಎಂಬ ಪದವನ್ನು ಬೇಕೆಂದೇ ಬಳಸಿದೆ. ಘಟ್ಟದ ಮೇಲಿನ ಕನ್ನಡದಲ್ಲಿ ಭೂತ ಎಂದರೆ ಪಿಶಾಚಿ, ಹೆದರಿಸುವಂಥದ್ದು. ನಮ್ಮ ತುಳುನಾಡಿನಲ್ಲಿ ಭೂತವೆಂದರೆ ಊರು ಕಾಯುವ, ನ್ಯಾಯ ಹೇಳುವ, ಮನೆಯವರ ಕಷ್ಟ ಕೇಳುವ ದೈವ. ಈ ಭೇದವನ್ನು ಕಾಣದೆ ಹೋದವರ ಪಟ್ಟಿ ಉದ್ದವಿದೆ. ಎ. ಸಿ. ಬರ್ನೆಲ್ ಕೂಡಿಸಿದ್ದ ಭೂತಾರಾಧನೆಯ ಅಮೂಲ್ಯ ಸಾಮಗ್ರಿ ಆತನ ಮರಣಾನಂತರ 1894ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಪ್ರಕಟವಾದಾಗ ಅದಕ್ಕಿದ್ದ ಶೀರ್ಷಿಕೆ 'ತುಳುವರ ಡೆವಿಲ್ ಪೂಜೆ' ಎಂಬ ಅರ್ಥದ್ದು. ಪಾಡ್ದನಗಳನ್ನು ಉಳಿಸಿದ ಉಪಕಾರ ದೊಡ್ಡದು. ಆದರೆ ಪಂಜುರ್ಲಿಯನ್ನೂ ಜುಮಾದಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮೇಲೆ ಅಂಟಿಸಿದ ಹೆಸರು ತಪ್ಪು.

ಹಾಗೆಂದು ತಪ್ಪು ಹೊರಗಿನವರದೇ ಎನ್ನುವಂತಿಲ್ಲ. ನಾವು ಹೆದರಿ ಉಚ್ಚರಿಸುವ 'ದೆವ್ವ' ಎಂಬ ಪದ 'ದೈವ'ದ ತದ್ಭವ. ಋಗ್ವೇದದಲ್ಲಿ ವರುಣನಂಥ ದೇವತೆಗೆ ಸಂದ 'ಅಸುರ' ಎಂಬ ಹೆಸರು ಮುಂದೆ ದೇವತೆಗಳ ಶತ್ರುವಿನದಾಯಿತು. ಅತ್ತ 'ಮಾನ್‌ಸ್ಟರ್' ಪದದ ಲ್ಯಾಟಿನ್ ಮೂಲಕ್ಕಿದ್ದ ಅರ್ಥ ಶಕುನ, ಎಚ್ಚರಿಕೆ. ಎಲ್ಲೆಡೆಯೂ ರಕ್ಕಸ ಎಂದರೆ ಯಾರೋ ಅರ್ಥ ಮಾಡಿಕೊಳ್ಳದೆ ಬಿಟ್ಟ ಇನ್ಯಾರದೋ ದೇವರು, ಅಥವಾ ಇನ್ನೊಂದು ಕಾಲದ ದೇವರು. ಎರಡು ಮೂರು ನುಡಿಗಳ ನಡುವೆ ಬದುಕುವ, ತಮ್ಮ ಊರಿನ ಹೆಸರೇ ಬೇರೆ ಬೇರೆ ಬಾಯಲ್ಲಿ ಬೇರೆ ಬೇರೆಯಾಗುವುದನ್ನು ಕಂಡ ನಮಗೆ ಹೆಸರು ತಪ್ಪಿದರೆ ಆಗುವ ನೋವನ್ನು ಯಾರೂ ವಿವರಿಸಬೇಕಾಗಿಲ್ಲ.

ಅದೇ 1894ರಲ್ಲಿ, ಇದೇ ಕರಾವಳಿಯ ಮಂಗಳೂರಿನಲ್ಲಿ ಇನ್ನೊಂದು ಸಂಗ್ರಹ ಅಚ್ಚಾಗಿ ಹೊರಬಂತು: ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟು. ಸುಮಾರು ಎಪ್ಪತ್ತು ಸಾವಿರ ಪದಗಳು. ಅದೂ ಒಂದು ಕೂಡಿಡುವ ಗೀಳೇ. ಆದರೆ ಅಲ್ಲಿ ಒಂದು ಪದ ಸಿಕ್ಕಿದಾಗ ಕೆಲಸ ಮುಗಿಯಲಿಲ್ಲ, ಆರಂಭವಾಯಿತು. ಅದರ ಅರ್ಥವೇನು, ಪ್ರಯೋಗವೆಲ್ಲಿ, ತಮಿಳು ತೆಲುಗು ತುಳುಗಳಲ್ಲಿ ಅದರ ನೆಂಟರು ಯಾರು ಎಂದು ಹುಡುಕಿ ಬರೆದ ಮೇಲೆಯೇ ಆ ಪದಕ್ಕೆ ನಿಘಂಟಿನಲ್ಲಿ ಸ್ಥಾನ. ಸಂಗ್ರಹಕ್ಕೂ ರಾಶಿಗೂ ಇರುವ ವ್ಯತ್ಯಾಸ ಇದೇ. ಕೊಂಡದ್ದೆಲ್ಲ ರಾಶಿ, ಬಲ್ಲದ್ದು ಸಂಗ್ರಹ. ಅಧ್ಯಯನ ಪ್ರವಾಸ ತಪ್ಪಿಸಿಕೊಂಡು ಪೆಟ್ಟಿಗೆ ಒಡೆದವಳು ಕಳೆದುಕೊಂಡದ್ದು ಹಣವನ್ನಷ್ಟೇ ಅಲ್ಲ, ತಾನು ಕೂಡಿಸಿದ್ದಕ್ಕೆ ಕತೆ ಸಿಗಬಹುದಾಗಿದ್ದ ದಾರಿಯನ್ನು.

ಆದ್ದರಿಂದ ವಿಭಾಗದ ಮುಂದೆ ನನ್ನದೊಂದು ಸಲಹೆಯಿದೆ. ಬೊಂಬೆಗಳನ್ನು ತರಗತಿಗೆ ತರಬಾರದೆಂಬ ನಿಯಮ ಬೇಡ. ನಿಷೇಧದಿಂದ ಗುಟ್ಟಿನ ಬೆಲೆ ಏರುತ್ತದೆ. ಬದಲಾಗಿ ವಿಭಾಗದ ಗ್ರಂಥಾಲಯದಲ್ಲಿ ಖಾಲಿ ಬಿದ್ದಿರುವ ಗಾಜಿನ ಕಪಾಟನ್ನು ಇದಕ್ಕೆ ಬಿಟ್ಟುಕೊಡೋಣ. ತಮ್ಮಲ್ಲಿರುವ ರಕ್ಕಸನನ್ನು ಅಲ್ಲಿ ಯಾರು ಬೇಕಾದರೂ ಇಡಬಹುದು. ಕರಾರು ಒಂದೇ: ಜೊತೆಗೆ ಕನ್ನಡದಲ್ಲಿ ಬರೆದ ಒಂದು ಚೀಟಿ ಇರಬೇಕು. ಇವನ ಹೆಸರೇನು, ಯಾವ ನಾಡಿನ ಯಾವ ಕತೆಯವನು, ಆ ಕತೆಯಲ್ಲಿ ಅವನು ನಿಜಕ್ಕೂ ಕೆಟ್ಟವನೇ ಎಂಬುದು ಚೀಟಿಯ ಒಂದು ಮಗ್ಗುಲು. ಇನ್ನೊಂದು ಮಗ್ಗುಲಲ್ಲಿ, ಅವನ ಪಕ್ಕದಲ್ಲಿ ನಿಲ್ಲಿಸಬಹುದಾದ ನಿಮ್ಮ ಊರಿನ ಒಬ್ಬರು: ಅಜ್ಜಿ ಹೇಳಿದ ಕತೆಯ ರಕ್ಕಸಿಯೋ, ಬಯಲಾಟದ ಬಣ್ಣದ ವೇಷವೋ. ದೈವಗಳನ್ನು ಮಾತ್ರ ಆ ಸಾಲಿನಲ್ಲಿ ನಿಲ್ಲಿಸಕೂಡದು. ಏಕೆ ಕೂಡದೆಂಬುದನ್ನು ಚೀಟಿ ಬರೆಯುತ್ತ ನೀವೇ ಕಂಡುಕೊಳ್ಳುವಿರಿ.

ಎರಡನೆಯ ಕರಾರು ಹಣದ್ದು. ಕಪಾಟಿಗಾಗಿ ಯಾರೂ ಹೊಸ ಪೆಟ್ಟಿಗೆ ಕೊಳ್ಳಕೂಡದು. ಮರುಕಳಿಸಿ ಬಂದವನ್ನು ತಮ್ಮತಮ್ಮಲ್ಲೇ ವಿನಿಮಯ ಮಾಡಿಕೊಳ್ಳಲಿ. ಮೇಲೆ ಹೇಳಿದ ಲೆಕ್ಕದಂತೆ ಆರನೆಯ ಬೊಂಬೆಗೆ ಒಬ್ಬಂಟಿಯಾಗಿ ಸರಾಸರಿ ಆರು ಪೆಟ್ಟಿಗೆ ಬೇಕು. ಪಕ್ಕದ ಬೆಂಚಿನ ಗೆಳತಿಯಲ್ಲಿ ಅದು ಎರಡಿದ್ದರೆ ಒಂದು ಮಾತು ಸಾಕು. ಬೊಂಬೆ ಬೇಡದವರು ಬರಿಯ ಚೀಟಿಯನ್ನೇ ಬರೆದು ತರಬಹುದು. ಅದಕ್ಕೂ ಕಪಾಟಿನಲ್ಲಿ ಸಮಾನ ಸ್ಥಾನ.

ಆ ವಿದ್ಯಾರ್ಥಿನಿಗೆ ಈ ಬರಹದ ಕರಡನ್ನು ತೋರಿಸಿದೆ. ಓದಿ ಮುಗಿಸಿ, ತನ್ನಲ್ಲಿ ಎರಡೆರಡಿರುವವನ್ನು ಕಪಾಟಿಗೆ ಕೊಡಲು ಒಪ್ಪಿದಳು. ಚೀಟಿಯ ಎರಡನೆಯ ಮಗ್ಗುಲಿಗೆ ಏನು ಬರೆಯಲಿ ಎಂದು ಯೋಚಿಸುತ್ತಿದ್ದವಳು, ಅಜ್ಜಿಯನ್ನು ಕೇಳಿ ಬರುತ್ತೇನೆ ಎಂದು ಹೇಳಿ ಹೋಗಿದ್ದಾಳೆ. ಈ ಸಂಚಿಕೆ ನಿಮ್ಮ ಕೈಸೇರುವಷ್ಟರಲ್ಲಿ ಮೊದಲ ಚೀಟಿ ಕಪಾಟಿನಲ್ಲಿರುತ್ತದೆಂದು ನಂಬಿದ್ದೇನೆ. ಎರಡನೆಯದು ನಿಮ್ಮಿಂದ ಬರಲಿ.